ಫ್ರಾನ್ಸ್ ಕೊಡದ ಇಂಧನ

1974ರ ಮೇ 18ರಂದು ಪೊಖ್ರಾನಿನ ಮರಳಿನಡಿ ನಡೆದ ಅಣುಸ್ಫೋಟದ ಬಗ್ಗೆ ನಮ್ಮಲ್ಲಿ ಬರೆದದ್ದಕ್ಕೆ ಲೆಕ್ಕವಿಲ್ಲ. ಅದರ ಪೆಟ್ಟು ಯಾವ ಯಾವ ಊರಿನಲ್ಲಿ ಬಿತ್ತು ಎಂದು ಹುಡುಕಿಕೊಂಡು ಹೋದವರು ಕಡಿಮೆ. ರಾಜಸ್ಥಾನದ ಅಣುಸ್ಥಾವರದ ಕೆಲಸವನ್ನು ಕೆನಡಾ ಅರ್ಧಕ್ಕೇ ಕೈಬಿಟ್ಟದ್ದು ಬಹಳ ಜನರಿಗೆ ಗೊತ್ತು. ಅಷ್ಟು ಸದ್ದಾಗದ ಇನ್ನೊಂದು ಪೆಟ್ಟು ಬಿದ್ದದ್ದು ಕಲ್ಪಾಕ್ಕಂನಲ್ಲಿ. ಮದರಾಸಿನಿಂದ ದಕ್ಷಿಣಕ್ಕೆ ಸುಮಾರು 70 ಕಿ.ಮೀ., ಮಹಾಬಲಿಪುರ ದಾಟಿದ ಮೇಲೆ, ಡಚ್ಚರ ಹಳೆಯ ಕೋಟೆಯಿರುವ ಸದ್ರಾಸಿನ ಮಗ್ಗುಲಿಗೆ, ಕಡಲ ದಂಡೆಯ ಮೇಲೆ ಆಗ ಒಂದು ಪುಟ್ಟ ರಿಯಾಕ್ಟರ್ ಏಳುತ್ತಿತ್ತು. ವಿನ್ಯಾಸ ಫ್ರಾನ್ಸಿನದು. ಇಂಧನಕ್ಕೆ ಬೇಕಾದ ಸಂವರ್ಧಿತ ಯುರೇನಿಯಂ ಕೂಡ ಫ್ರಾನ್ಸಿನಿಂದಲೇ ಬರಬೇಕಿತ್ತು. ಪೊಖ್ರಾನ್ ಆದ ಮೇಲೆ ಅದು ಬರಲಿಲ್ಲ.

ಕಟ್ಟಡ ನಿಲ್ಲುತ್ತಿದೆ, ಯಂತ್ರಗಳು ತಯಾರಾಗುತ್ತಿವೆ, ಒಲೆಗೆ ಹಾಕಲು ಸೌದೆಯೇ ಇಲ್ಲ. ಈ ಪೇಚಿನಿಂದ ಹೊರಬರಲು ಒಂದು ಸರ್ಕಾರಿ ಪ್ರಯೋಗಾಲಯಕ್ಕೆ ಹನ್ನೊಂದು ವರ್ಷ ಹಿಡಿಯಿತು. ಹೊರಬಂದ ಮೇಲೂ ಆ ರಿಯಾಕ್ಟರ್ ತನ್ನ ಪೂರ್ಣ ಶಕ್ತಿ ಮುಟ್ಟಲು ಮತ್ತೆ ಮೂವತ್ತಾರು ವರ್ಷ ಬೇಕಾಯಿತು. ವಿದೇಶಿಯರು ಕೈಕೊಟ್ಟರು, ನಮ್ಮವರು ಗೆದ್ದರು ಎಂದು ಎರಡೇ ಮಾತಿನಲ್ಲಿ ಈ ಕಥೆ ಮುಗಿಸುವವರಿದ್ದಾರೆ. ಅವರು ಆ ಮೂವತ್ತಾರು ವರ್ಷವನ್ನು ನುಂಗಿಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಪ್ರಯೋಗಾಲಯದ ನಿಜವಾದ ಕೆಲಸ ನಡೆದದ್ದು ಆಗಲೇ.

ಅಷ್ಟಕ್ಕೂ ಆ ರಿಯಾಕ್ಟರ್ ಏಕೆ ಬೇಕಿತ್ತು? ಹೋಮಿ ಭಾಭಾ 1954ರಲ್ಲಿ ದೆಹಲಿಯ ಸಮ್ಮೇಳನವೊಂದರಲ್ಲಿ ಮುಂದಿಟ್ಟ ಲೆಕ್ಕಾಚಾರ ಸರಳವಾಗಿತ್ತು. ನಮ್ಮ ನೆಲದಲ್ಲಿ ಯುರೇನಿಯಂ ಕಡಿಮೆ. ಕೇರಳ, ತಮಿಳುನಾಡು, ಒಡಿಶಾ ಕರಾವಳಿಯ ಮರಳಿನಲ್ಲಿ ಥೋರಿಯಂ ಯಥೇಚ್ಛ. ಆದರೆ ಥೋರಿಯಂ ತಾನಾಗಿ ಉರಿಯುವ ವಸ್ತುವಲ್ಲ, ನ್ಯೂಟ್ರಾನುಗಳ ಏಟು ತಿಂದು ಯುರೇನಿಯಂ-233 ಆಗಿ ಬದಲಾದ ಮೇಲಷ್ಟೇ ಇಂಧನ. ಅದಕ್ಕೇ ಮೂರು ಹಂತ. ಮೊದಲು ಇರುವಷ್ಟು ಯುರೇನಿಯಂ ಅನ್ನು ಭಾರಜಲ ರಿಯಾಕ್ಟರಿನಲ್ಲಿ ಉರಿಸುವುದು. ನಮ್ಮ ಕೈಗಾದಲ್ಲಿರುವುದೂ ಈ ಬಗೆಯವೇ. ಅಲ್ಲಿ ಉಳಿಯುವ ಕಸದಿಂದ ಪ್ಲುಟೋನಿಯಂ ತೆಗೆದು ಎರಡನೇ ಹಂತದ ಫಾಸ್ಟ್ ಬ್ರೀಡರ್ ರಿಯಾಕ್ಟರುಗಳಿಗೆ ಹಾಕುವುದು. ಥೋರಿಯಂನ ಸರದಿ ಕೊನೆಗೆ.

ಬ್ರೀಡರಿನ ವಿದ್ಯೆ ಮೇಲ್ನೋಟಕ್ಕೆ ಜಾದೂ ಎನಿಸುತ್ತದೆ: ಉರಿಸಿದ್ದಕ್ಕಿಂತ ಹೆಚ್ಚು ಇಂಧನ ಹುಟ್ಟಿಸುವ ಒಲೆ. ಜಾದೂ ಏನೂ ಇಲ್ಲ. ನೆಲದಿಂದ ತೆಗೆದ ಯುರೇನಿಯಂನ ಸಾವಿರ ಪರಮಾಣುಗಳಲ್ಲಿ ಸುಲಭವಾಗಿ ಒಡೆಯುವಂಥವು ಏಳು. ಉಳಿದ 993 ಯುರೇನಿಯಂ-238, ಬಹುಮಟ್ಟಿಗೆ ದಂಡ. ಆದರೆ ಆ ದಂಡದ ಪರಮಾಣು ಒಂದು ನ್ಯೂಟ್ರಾನ್ ನುಂಗಿದರೆ ಕ್ರಮೇಣ ಪ್ಲುಟೋನಿಯಂ ಆಗುತ್ತದೆ. ಹೀಗೆ ನುಂಗಿಸಲು ಬಿಡಿ ನ್ಯೂಟ್ರಾನುಗಳು ಸಾಕಷ್ಟು ಇರಬೇಕು. ವೇಗ ತಗ್ಗಿಸದ ನ್ಯೂಟ್ರಾನುಗಳಿಂದ ಪ್ಲುಟೋನಿಯಂ ಒಡೆದಾಗ ಆ ಬಿಡಿ ನ್ಯೂಟ್ರಾನುಗಳು ಸಿಗುತ್ತವೆ. ನೀರು ನ್ಯೂಟ್ರಾನಿನ ವೇಗ ತಗ್ಗಿಸುವುದರಿಂದ ಇಲ್ಲಿ ನೀರನ್ನು ಹತ್ತಿರಕ್ಕೆ ಬಿಡುವಂತಿಲ್ಲ. ಶಾಖ ಹೊತ್ತೊಯ್ಯಲು ಕರಗಿದ ಸೋಡಿಯಂ ಬೇಕು. ಹಾಗೆ ನೋಡಿದರೆ ಪರಮಾಣುವಿನಿಂದ ಕರೆಂಟು ತೆಗೆದು ದೀಪ ಹಚ್ಚಿದ ಆರಂಭದ ರಿಯಾಕ್ಟರೇ ಈ ಜಾತಿಯದು. 1951ರ ಡಿಸೆಂಬರ್ 20ರಂದು ಅಮೆರಿಕದ ಐಡಾಹೊ ಮರುಭೂಮಿಯಲ್ಲಿ, ಆರ್ಗಾನ್ ಪ್ರಯೋಗಾಲಯದ ಇಬಿಆರ್-1 ರಿಯಾಕ್ಟರ್ ನಾಲ್ಕು ಬಲ್ಬು ಉರಿಸಿತ್ತು.

ಫ್ರೆಂಚರು 1967ರಲ್ಲಿ ಕದರಾಶ್ ಎಂಬಲ್ಲಿ ರಾಪ್ಸೋಡಿ ಎಂಬ ಪ್ರಾಯೋಗಿಕ ಬ್ರೀಡರ್ ಚಾಲೂ ಮಾಡಿದ್ದರು. ವಿಕ್ರಂ ಸಾರಾಭಾಯಿ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ 1969ರಲ್ಲಿ ಫ್ರಾನ್ಸಿನೊಡನೆ ಒಪ್ಪಂದವಾಯಿತು. ನಮ್ಮ ಎಂಜಿನಿಯರುಗಳ ತಂಡವೊಂದು ಕದರಾಶಿಗೆ ಹೋಗಿ ಕೂತು, ಅವರ ಜೊತೆಯಲ್ಲೇ ವಿನ್ಯಾಸ ಮಾಡಿಕೊಂಡು ಬಂತು. ರಾಪ್ಸೋಡಿಯ ಪಡಿಯಚ್ಚೇನೂ ಅಲ್ಲ. ರಾಪ್ಸೋಡಿ ತನ್ನ ಶಾಖವನ್ನು ಗಾಳಿಗೆ ಬಿಟ್ಟು ಸುಮ್ಮನಾಗುತ್ತಿತ್ತು. ನಮ್ಮವರು ತಮ್ಮ ರಿಯಾಕ್ಟರಿಗೆ ಹಬೆ ಉತ್ಪಾದಕ, ಟರ್ಬೈನ್ ಜೋಡಿಸಿ 40 ಮೆಗಾವಾಟ್ ಶಾಖದಿಂದ ಸುಮಾರು 13 ಮೆಗಾವಾಟ್ ವಿದ್ಯುತ್ ಪಡೆಯುವ ನಕ್ಷೆ ಹಾಕಿದರು. 1971ರಲ್ಲಿ ಕಲ್ಪಾಕ್ಕಂನಲ್ಲಿ ರಿಯಾಕ್ಟರ್ ರಿಸರ್ಚ್ ಸೆಂಟರ್ ಶುರುವಾಯಿತು. ರಿಯಾಕ್ಟರಿಗೆ ಇಟ್ಟ ಹೆಸರು ಫಾಸ್ಟ್ ಬ್ರೀಡರ್ ಟೆಸ್ಟ್ ರಿಯಾಕ್ಟರ್, ಬಾಯಿಮಾತಿನಲ್ಲಿ ಎಫ್‌ಬಿಟಿಆರ್. 1976ರ ಹೊತ್ತಿಗೆ ಮುಗಿಸುವ ಅಂದಾಜಿತ್ತು. ಪಕ್ಕದಲ್ಲೇ ಮದ್ರಾಸ್ ಅಣು ವಿದ್ಯುತ್ ಸ್ಥಾವರದ ಕೆಲಸವೂ ಭರದಿಂದ ಸಾಗಿತ್ತು. 1967ರಲ್ಲಿ ಅದರ ಮುಖ್ಯ ಯೋಜನಾ ಎಂಜಿನಿಯರ್ ಆಗಿ ನೇಮಕವಾದವರು ಬೆಂಗಳೂರಿನಲ್ಲಿ ಓದಿದ ಎಂ. ಆರ್. ಶ್ರೀನಿವಾಸನ್.

ಆಮೇಲೆ ಪೊಖ್ರಾನ್. ಆ ಪರೀಕ್ಷೆಯ ಮುಂದಾಳು ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ, ಆಗ ಮುಂಬೈಯ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರು. ಕಲ್ಪಾಕ್ಕಂ ರಿಯಾಕ್ಟರಿಗೆ ಇಂಧನ ತಪ್ಪಿದ್ದು ಟ್ರಾಂಬೆಯವರು ಮಾಡಿದ ಸ್ಫೋಟದಿಂದ. ಬದಲಿ ಇಂಧನ ಮಾಡಿಕೊಡುವ ಹೊಣೆ ಬಿದ್ದದ್ದೂ ಟ್ರಾಂಬೆಯ ಮೇಲೇ. ಕಲ್ಪಾಕ್ಕಂನವರಿಗೂ ಟ್ರಾಂಬೆಯವರಿಗೂ ನಡುವೆ ಈ ಬಗ್ಗೆ ಮಾತುಕತೆ ಬಿಸಿಯಾಗಿತ್ತೇ ಎಂದು ಕೇಳುವ ಆಸೆ ಇತಿಹಾಸ ಬರೆಯುವವನಿಗೆ ಸಹಜ. ಅಣುಶಕ್ತಿ ಇಲಾಖೆಯ ಕಡತಗಳು ಅಂಥದ್ದನ್ನೆಲ್ಲ ಬಾಯಿಬಿಡುವುದಿಲ್ಲ.

ಫ್ರೆಂಚ್ ವಿನ್ಯಾಸದ ಇಂಧನ ಹೀಗಿತ್ತು: 30 ಭಾಗ ಪ್ಲುಟೋನಿಯಂ ಆಕ್ಸೈಡ್, 70 ಭಾಗ ಯುರೇನಿಯಂ ಆಕ್ಸೈಡ್. ಈ ಯುರೇನಿಯಂ ಮಾಮೂಲಿಯದಲ್ಲ, ಶೇ. 85ರಷ್ಟು ಸಂವರ್ಧಿಸಿದ್ದು, ಅಂದರೆ ಸುಲಭವಾಗಿ ಒಡೆಯುವ ಪರಮಾಣುಗಳ ಪಾಲನ್ನು ಅಷ್ಟಕ್ಕೆ ಏರಿಸಿದ್ದು. ಅಷ್ಟು ಗಟ್ಟಿ ಯುರೇನಿಯಂ ಮಾಡುವ ಶಕ್ತಿ ಆಗ ನಮ್ಮಲ್ಲಿ ಇರಲಿಲ್ಲ. ಇದ್ದದ್ದು ಎರಡೇ, ಮಾಮೂಲಿ ಯುರೇನಿಯಂ ಮತ್ತು ಟ್ರಾಂಬೆಯಲ್ಲಿ ಬೇರ್ಪಡಿಸಿದ ಪ್ಲುಟೋನಿಯಂ. ಕೋರ್, ಅಂದರೆ ರಿಯಾಕ್ಟರಿನಲ್ಲಿ ಇಂಧನ ಕೂರುವ ನಡುಭಾಗ, ಬಹಳ ಸಣ್ಣದಾದ್ದರಿಂದ ಸರಣಿ ಕ್ರಿಯೆ ನಿಲ್ಲದೆ ಸಾಗಬೇಕಾದರೆ ಪ್ಲುಟೋನಿಯಂ ಪಾಲನ್ನು ವಿಪರೀತ ಏರಿಸಬೇಕಿತ್ತು. ಆಕ್ಸೈಡಿನಲ್ಲೇ ಮಾಡೋಣವೆಂದು ಲೆಕ್ಕ ಹಾಕಿದರೆ ಪ್ಲುಟೋನಿಯಂ ಪಾಲು ಶೇ. 76ರ ಆಸುಪಾಸಿಗೆ ಬಂತು. ಅಂಥ ಆಕ್ಸೈಡಿಗೂ ಸೋಡಿಯಂಗೂ ಆಗಿಬರುವುದಿಲ್ಲ. ಇಂಧನ ಕಡ್ಡಿಯ ಹೊರಕವಚದಲ್ಲಿ ಕೂದಲೆಳೆಯ ಬಿರುಕು ಬಿಟ್ಟು ಸೋಡಿಯಂ ಒಳಹೊಕ್ಕರೂ ಸಾಕು, ಅವೆರಡೂ ಕೂಡಿ ಹೊಸ ಸಂಯುಕ್ತವಾಗಿ ಉಬ್ಬಿ ಬಿರುಕನ್ನು ಇನ್ನಷ್ಟು ಅಗಲಿಸುತ್ತವೆ. ಆ ದಾರಿ ಮುಚ್ಚಿತು.

ಉಳಿದದ್ದು ಕಾರ್ಬೈಡ್, ಅಂದರೆ ಆಮ್ಲಜನಕದ ಜಾಗದಲ್ಲಿ ಇಂಗಾಲ. ಅದು ಆಕ್ಸೈಡಿಗಿಂತ ಸಾಂದ್ರ, ಶಾಖವನ್ನು ಚೆನ್ನಾಗಿ ಹರಿಯಬಿಡುತ್ತದೆ, ಸೋಡಿಯಂ ಜೊತೆ ಜಗಳವಿಲ್ಲ. ಪುಸ್ತಕದಲ್ಲಿ ಓದಿದರೆ ಇದೇ ಸರಿಯಾದ ಇಂಧನ. ಹಾಗಿದ್ದರೆ ಜಗತ್ತೆಲ್ಲ ಆಕ್ಸೈಡಿಗೆ ಏಕೆ ಅಂಟಿಕೊಂಡಿತ್ತು? ಕಾರ್ಬೈಡ್ ಮಾಡುವವರ ಕೈ ನೋಡಿದರೆ ಉತ್ತರ ಸಿಗುತ್ತದೆ.

ಪ್ಲುಟೋನಿಯಂ ಇರುವ ಕಡೆ ಕೆಲಸವೆಲ್ಲ ಗ್ಲೋವ್ ಬಾಕ್ಸಿನಲ್ಲಿ. ಗಾಜಿನಂಥ ಪಾರದರ್ಶಕ ಫಲಕದ ಮುಚ್ಚಿದ ಪೆಟ್ಟಿಗೆ, ಅದರ ಗೋಡೆಗೆ ಬಿಗಿದ ಉದ್ದನೆಯ ರಬ್ಬರ್ ಕೈಗವಸು. ಹೊರಗೆ ನಿಂತವನು ಕೈಯನ್ನು ಭುಜದವರೆಗೂ ಅದರೊಳಗೆ ತೂರಿಸಿ ಪುಡಿ ತೂಗಬೇಕು, ಅಚ್ಚಿಗೆ ಹಾಕಬೇಕು, ಬಿಲ್ಲೆ ಎತ್ತಿಡಬೇಕು. ಉಸಿರಿನೊಡನೆ ಒಂದು ಕಣ ಒಳಹೋದರೂ ಕೇಡು, ಹಾಗಾಗಿ ಪೆಟ್ಟಿಗೆಯೊಳಗಿನ ಒತ್ತಡ ಹೊರಗಿಗಿಂತ ಸದಾ ಕಡಿಮೆ. ಆಕ್ಸೈಡಿಗಾದರೆ ಇಷ್ಟು ಸಾಕು. ಕಾರ್ಬೈಡ್ ಪುಡಿಗೆ ಗಾಳಿ ಸೋಕಿದರೆ ತಾನೇ ಹೊತ್ತಿಕೊಳ್ಳಬಹುದು, ತೇವ ಸೋಕಿದರೆ ಕೆಡುತ್ತದೆ. ಪೆಟ್ಟಿಗೆಯಲ್ಲಿ ಶುದ್ಧ ಜಡ ಅನಿಲವನ್ನೇ ತುಂಬಿ, ಅದರಲ್ಲಿ ಆಮ್ಲಜನಕ, ನೀರಾವಿಗಳ ಸುಳಿವೂ ಇಲ್ಲದಂತೆ ಹಗಲಿರುಳು ಕಾಯಬೇಕು. ಮುಂಬೈಯಂಥ ಕಡಲೂರಿನ ಮಳೆಗಾಲದಲ್ಲಿ!

ಎರಡು ಆಕ್ಸೈಡುಗಳ ಪುಡಿಗೆ ಗ್ರಾಫೈಟ್ ಪುಡಿ ಬೆರೆಸಿ, ನಿರ್ವಾತದಲ್ಲಿ ಸುಮಾರು 1,500 ಡಿಗ್ರಿಗೆ ಕಾಯಿಸಿದರೆ ಆಮ್ಲಜನಕವು ಇಂಗಾಲದ ಮಾನಾಕ್ಸೈಡಾಗಿ ಹಾರಿಹೋಗಿ ಕಾರ್ಬೈಡ್ ಉಳಿಯುತ್ತದೆ. ಇಂಗಾಲ ಚೂರು ಹೆಚ್ಚಾದರೂ ಕಷ್ಟ, ಚೂರು ಕಡಿಮೆಯಾದರೂ ಕಷ್ಟ. ಆ ಗಟ್ಟಿಯನ್ನು ಪುಡಿ ಮಾಡಿ, ಒತ್ತಿ, ಮತ್ತೆ ಸುಟ್ಟು ಹೆಸರುಕಾಳಿನಷ್ಟು ದಪ್ಪದ ಬಿಲ್ಲೆಗಳನ್ನು ಮಾಡಿದರು. ವ್ಯಾಸ ನಾಲ್ಕು ಮಿಲಿಮೀಟರಿಗೆ ಒಂದು ಎಳೆ ಜಾಸ್ತಿ. ಬಿಲ್ಲೆಗಳನ್ನು ಸಾಲಾಗಿ 5.1 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗೆ ಇಳಿಸಿ ಬಾಯಿ ಬೆಸೆದರೆ ಒಂದು ಇಂಧನ ಕಡ್ಡಿ. ಇಂಥ 61 ಕಡ್ಡಿಗಳನ್ನು ಷಟ್ಕೋನದ ಕವಚದಲ್ಲಿ ಜೋಡಿಸಿದರೆ ಒಂದು ಸಬ್‌ಅಸೆಂಬ್ಲಿ. ಅಂತಿಮ ಪಾಕ 70 ಭಾಗ ಪ್ಲುಟೋನಿಯಂ ಕಾರ್ಬೈಡ್, 30 ಭಾಗ ಯುರೇನಿಯಂ ಕಾರ್ಬೈಡ್. ಪ್ಲುಟೋನಿಯಂ ಇಷ್ಟು ಹೆಚ್ಚಿರುವ ಕಾರ್ಬೈಡನ್ನು ಒಂದು ರಿಯಾಕ್ಟರಿನ ಇಡೀ ಇಂಧನವಾಗಿ ಅದುವರೆಗೆ ಯಾರೂ ಬಳಸಿರಲಿಲ್ಲ. ಟ್ರಾಂಬೆಯ ರೇಡಿಯೊಮೆಟಲರ್ಜಿ ವಿಭಾಗದ ಸಿ. ಗಂಗೂಲಿ, ಪಿ. ಆರ್. ರಾಯ್ ಮತ್ತವರ ಸಂಗಡಿಗರು ಈ ಕೆಲಸದ ವಿವರವನ್ನು 1986ರಲ್ಲಿ ವಿದೇಶಿ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

ಮಾಡಿದ್ದಾಯಿತು, ರಿಯಾಕ್ಟರಿನೊಳಗೆ ಅದು ಹೇಗೆ ನಡೆದುಕೊಳ್ಳುತ್ತದೆ? ಕೇಳಲು ಯಾರಿದ್ದಾರೆ? ಬೇರೆ ದೇಶದ ಅನುಭವದ ಅಂಕಿಅಂಶ ತರಿಸೋಣವೆಂದರೆ ಅಂಥ ಅನುಭವವೇ ಯಾರಿಗೂ ಇರಲಿಲ್ಲ. ಪರೀಕ್ಷಿಸಲು ನಮ್ಮಲ್ಲಿ ಬೇರೊಂದು ಫಾಸ್ಟ್ ರಿಯಾಕ್ಟರೂ ಇರಲಿಲ್ಲ. ಕೊನೆಗೆ ಎಫ್‌ಬಿಟಿಆರ್ ತನ್ನ ಇಂಧನಕ್ಕೆ ತಾನೇ ಪರೀಕ್ಷಾಶಾಲೆಯಾಯಿತು.

1985ರ ಅಕ್ಟೋಬರ್ 18ರಂದು, 22 ಸಬ್‌ಅಸೆಂಬ್ಲಿಗಳ ಪುಟ್ಟ ಕೋರಿನೊಡನೆ, ಎಫ್‌ಬಿಟಿಆರಿನಲ್ಲಿ ಸರಣಿ ಕ್ರಿಯೆ ಶುರುವಾಯಿತು. ಆಗ ಕೇಂದ್ರದ ನಿರ್ದೇಶಕರು ಲೋಹತಜ್ಞ ಸಿ. ವಿ. ಸುಂದರಂ, ಅಣುಶಕ್ತಿ ಆಯೋಗದ ಅಧ್ಯಕ್ಷರು ರಾಜಾ ರಾಮಣ್ಣ. ಆ ವರ್ಷವೇ ಕೇಂದ್ರಕ್ಕೆ ಇಂದಿರಾ ಗಾಂಧಿಯವರ ಹೆಸರಿಟ್ಟರು. ಪತ್ರಿಕೆಗಳಲ್ಲಿ ಹೊಗಳಿಕೆ ಬಂತು. ರಿಯಾಕ್ಟರ್ ಮಾತ್ರ 40ರ ಬದಲು ಸುಮಾರು ಹತ್ತೂವರೆ ಮೆಗಾವಾಟಿನ ಲೆಕ್ಕಕ್ಕೆ ಇಳಿದಿತ್ತು. ಹೊಸ ಇಂಧನದ ಮೇಲೆ ಅಷ್ಟೇ ನಂಬಿಕೆ. ಒಂದು ಸೆಂಟಿಮೀಟರ್ ಕಡ್ಡಿಯಿಂದ 250 ವಾಟಿಗಿಂತ ಹೆಚ್ಚು ಶಾಖ ತೆಗೆಯಬಾರದು, ಒಂದು ಟನ್ ಇಂಧನದಿಂದ ತೆಗೆಯುವ ಒಟ್ಟು ಶಾಖ 25,000 ಮೆಗಾವಾಟ್-ದಿನ ದಾಟಬಾರದು ಎಂದು ಮಿತಿ ಹಾಕಿಕೊಂಡರು.

ಆ ಮಿತಿ ತಲುಪುವ ಮುಂಚೆಯೇ ಬೇರೆ ಕಡೆಯಿಂದ ವಿಘ್ನ ಬಂತು. ಕರಗಿದ ಸೋಡಿಯಂ ನೋಡಲು ಬೆಳ್ಳಿಯ ಹಾಗೆ ಹೊಳೆಯುತ್ತದೆ, ಆದರೆ ಅದರೊಳಗೆ ಏನೂ ಕಾಣದು. ನೀರಿನ ರಿಯಾಕ್ಟರಿನಲ್ಲಿ ಇಂಧನ ಬದಲಿಸುವಾಗ ಮೇಲಿನಿಂದ ಬಗ್ಗಿ ನೋಡಬಹುದು. ಇಲ್ಲಿ 180 ಡಿಗ್ರಿಯ ಅಪಾರದರ್ಶಕ ಲೋಹದಲ್ಲಿ, ಆರ್ಗಾನ್ ಹೊದಿಕೆಯ ಕೆಳಗೆ, ಕುರುಡುಗಣ್ಣಿನಲ್ಲೇ ಕೆಲಸ. ರಿಯಾಕ್ಟರಿನ ಮುಚ್ಚಳದಲ್ಲಿ ಒಂದರೊಳಗೊಂದು ತಿರುಗುವ ಎರಡು ಪ್ಲಗ್ಗುಗಳಿವೆ. ಎರಡನ್ನೂ ತಕ್ಕಷ್ಟು ತಿರುಗಿಸಿದರೆ ಇಂಧನ ಹಿಡಿಯುವ ಯಂತ್ರ ಯಾವ ಸಬ್‌ಅಸೆಂಬ್ಲಿಯ ನೆತ್ತಿಗೆ ಬೇಕಾದರೂ ಬಂದು ನಿಲ್ಲುತ್ತದೆ. 1987ರ ಮೇ ತಿಂಗಳಲ್ಲಿ ಒಂದು ಸಬ್‌ಅಸೆಂಬ್ಲಿಯನ್ನು ಜಾಗ ಬದಲಿಸುವಾಗ ಅದರ ಬುಡ ಇನ್ನೂ ಕೆಳಗೆ ಚಾಚಿಕೊಂಡಿರುವಂತೆಯೇ ಪ್ಲಗ್ ತಿರುಗಿತು. ಸಬ್‌ಅಸೆಂಬ್ಲಿ ಬಾಗಿತು, ದಾರಿಯಲ್ಲಿ ಸಿಕ್ಕವುಗಳ ತಲೆಯೂ ಬಾಗಿತು. ಬಾಗಿದ್ದನ್ನು ಹೊರತೆಗೆಯಲು ಹೋದಾಗ ಅದಕ್ಕೆ ದಾರಿ ತೋರಬೇಕಾದ ಗಟ್ಟಿಮುಟ್ಟಾದ ಕೊಳವೆಯೂ ಸೊಟ್ಟಗಾಗಿ ಸಿಕ್ಕಿಕೊಂಡಿತು.

ಮುಚ್ಚಳ ತೆರೆದು ಸರಿಪಡಿಸೋಣ ಎನ್ನುವಂತಿಲ್ಲ. ಗಾಳಿ ಒಳಹೋದರೆ ಸೋಡಿಯಂ ಉರಿಯುತ್ತದೆ, ನೀರು ತಾಕಿದರೆ ಸಿಡಿಯುತ್ತದೆ, ಜೊತೆಗೆ ವಿಕಿರಣ. ಈ ಒಂದು ಕೆಲಸಕ್ಕೆಂದೇ ಉಪಕರಣ ಮಾಡಿಕೊಂಡು, ದೂರದಿಂದಲೇ ಕೊಳವೆಯನ್ನು ಕತ್ತರಿಸಿ ತೆಗೆಯಬೇಕಾಯಿತು. ರಿಯಾಕ್ಟರ್ ಮತ್ತೆ ಚಾಲೂ ಆದದ್ದು 1989ರಲ್ಲಿ. ಎರಡು ವರ್ಷ ಹೋಯಿತು ಎಂದು ಟೀಕಾಕಾರರು ಬರೆದರು, ಅದು ನಿಜವೇ. ಆದರೆ ಸೋಡಿಯಂ ರಿಯಾಕ್ಟರಿನ ಹೊಟ್ಟೆಯೊಳಗೆ ರಿಪೇರಿ ಮಾಡುವ ಪಾಠವನ್ನು ಯಾವ ಒಪ್ಪಂದವೂ ಕಲಿಸುತ್ತಿರಲಿಲ್ಲ.

ಅಲ್ಲಿಂದ ಮುಂದಿನದು ಸದ್ದಿಲ್ಲದ ದಶಕಗಳು. ಒಂದು ಮಿತಿಯವರೆಗೆ ಇಂಧನ ಉರಿಸುವುದು, ಒಂದು ಸಬ್‌ಅಸೆಂಬ್ಲಿ ಹೊರತೆಗೆಯುವುದು, ದಪ್ಪ ಗೋಡೆಯ ಹಾಟ್ ಸೆಲ್ಲಿನಲ್ಲಿ ಯಂತ್ರದ ಕೈಗಳಿಂದ ಅದನ್ನು ಸೀಳಿ, ಬಿಲ್ಲೆ ಎಷ್ಟು ಉಬ್ಬಿದೆ, ಕವಚ ಎಷ್ಟು ಹಿಗ್ಗಿದೆ, ಒಳಗೆ ಎಷ್ಟು ಅನಿಲ ಕೂಡಿದೆ ಎಂದು ಅಳೆಯುವುದು. ಸರಿಯಿದ್ದರೆ ಮಿತಿಯನ್ನು ಮೇಲಕ್ಕೇರಿಸುವುದು. ಮೊದಲು 25,000 ಮೆಗಾವಾಟ್-ದಿನ, ನಂತರ 50,000, ಆಮೇಲೆ ಒಂದು ಲಕ್ಷ, ಒಂದೂವರೆ ಲಕ್ಷದ ಮೇಲೆ. ಕೊನೆಗೆ ಗರಿಷ್ಠ 1,65,000. ಕೈಗಾದಂಥ ಭಾರಜಲ ರಿಯಾಕ್ಟರಿನಲ್ಲಿ ಮಾಮೂಲಿ ಯುರೇನಿಯಂ ಕೊಡುವುದು ಟನ್ನಿಗೆ ಸುಮಾರು 7,000 ಮೆಗಾವಾಟ್-ದಿನ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಅಂಕಿಯ ತೂಕ ತಿಳಿಯುತ್ತದೆ. ಆರಂಭದ ಮಿತಿಯ ಆರು ಪಟ್ಟಿಗೂ ಹೆಚ್ಚು ತಾಳಿದ್ದು ಬದಲಿಗೆಂದು ಮಾಡಿದ ಇಂಧನ.

ಹಬೆ ಉತ್ಪಾದಕಕ್ಕೆ ನೀರು ಬಿಟ್ಟದ್ದು 1993ರಲ್ಲಿ. ಟರ್ಬೈನ್ ತಿರುಗಿ ವಿದ್ಯುತ್ ಗ್ರಿಡ್ಡಿಗೆ ಸೇರಿದ್ದು 1997ರ ಜುಲೈಯಲ್ಲಿ. ನಡುವೆ 1996ರಲ್ಲಿ ಅದೇ ಆವರಣದಲ್ಲಿ ಕಾಮಿನಿ ಎಂಬ 30 ಕಿಲೋವಾಟಿನ ಪುಟಾಣಿ ರಿಯಾಕ್ಟರ್ ಚಾಲೂ ಆಯಿತು. ಅದರ ಇಂಧನ ಥೋರಿಯಂನಿಂದ ಹುಟ್ಟಿಸಿದ ಯುರೇನಿಯಂ-233. ಎಫ್‌ಬಿಟಿಆರಿನಿಂದ ಬಂದ ಇಂಧನವನ್ನು ಒಡೆಯದೆಯೇ ನ್ಯೂಟ್ರಾನ್ ಕಿರಣದಲ್ಲಿ ಚಿತ್ರ ತೆಗೆದು ನೋಡಲು ಕಾಮಿನಿ ನೆರವಾಯಿತು. 2002ರಲ್ಲಿ ಸೋಡಿಯಂ ಶುದ್ಧೀಕರಿಸುವ ಕೊಠಡಿಯಲ್ಲಿ 75 ಕಿಲೋ ವಿಕಿರಣಪೂರಿತ ಸೋಡಿಯಂ ಸೋರಿತು. ಕೊಠಡಿಯಲ್ಲಿ ಸಾರಜನಕ ತುಂಬಿದ್ದರಿಂದ ಬೆಂಕಿ ಏಳಲಿಲ್ಲ.

ಬ್ರೀಡರ್ ಎಂದ ಮೇಲೆ ಉರಿದ ಇಂಧನವನ್ನು ಮತ್ತೆ ಬಿಡಿಸಿ ಪ್ಲುಟೋನಿಯಂ ಹೊರತೆಗೆಯಲೇಬೇಕು, ಇಲ್ಲದಿದ್ದರೆ ಹುಟ್ಟಿಸಿದ್ದು ಹುಟ್ಟಿಸಿದಲ್ಲೇ ಉಳಿಯುತ್ತದೆ. ಕಾರ್ಬೈಡನ್ನು ಆಮ್ಲದಲ್ಲಿ ಕರಗಿಸಿದರೆ ಇಂಗಾಲವೂ ಸಾವಯವ ಕಲ್ಮಶವಾಗಿ ದ್ರಾವಣಕ್ಕೆ ಸೇರಿ ಮುಂದಿನ ಹಂತಗಳಿಗೆ ಕಾಟ ಕೊಡುತ್ತದೆ. 2003ರಿಂದ ಕೋರಲ್ ಎಂಬ ಸಣ್ಣ ಸೀಸದ ಕೋಶದಲ್ಲಿ ಎಫ್‌ಬಿಟಿಆರಿನ ಇಂಧನವನ್ನು ಬಿಡಿಸುವ ಕೆಲಸ ಶುರುವಾಯಿತು, ಕೊನೆಗೆ ಒಂದೂವರೆ ಲಕ್ಷ ಮೆಗಾವಾಟ್-ದಿನ ದಾಟಿದ ಇಂಧನವನ್ನೂ ಬಿಡಿಸಿದರು. ಈ ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1985ರ ಆ ದಿನವಲ್ಲ, ಕೋರಲ್. ಅದಿಲ್ಲದೆ ಬ್ರೀಡರ್ ಎಂಬ ಮಾತಿಗೆ ಅರ್ಥವೇ ಇಲ್ಲ.

ಇಷ್ಟರಲ್ಲಿ ಹೊರಗಿನ ಜಗತ್ತು ಬ್ರೀಡರಿನ ಆಸೆ ಬಿಡತೊಡಗಿತ್ತು. ಗುರುವಿನ ಸ್ಥಾನದಲ್ಲಿದ್ದ ರಾಪ್ಸೋಡಿಯನ್ನು 1983ರಲ್ಲೇ, ಶಿಷ್ಯ ಕಣ್ಣು ಬಿಡುವ ಮೊದಲೇ, ನಿಲ್ಲಿಸಿದ್ದರು. ಅಮೆರಿಕ ತನ್ನ ಕ್ಲಿಂಚ್ ರಿವರ್ ಯೋಜನೆಯನ್ನು ಕೈಬಿಟ್ಟದ್ದೂ ಅದೇ ವರ್ಷ. ಜಪಾನಿನ ಮೊಂಜು 1995ರಲ್ಲಿ ಸೋಡಿಯಂ ಸೋರಿ ಹೊತ್ತಿ ಉರಿದ ಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಫ್ರೆಂಚರ ಭಾರೀ ಸೂಪರ್‌ಫೀನಿಕ್ಸ್ 1990ರ ದಶಕದ ಕೊನೆಗೆ ಮುಚ್ಚಿತು. ಜರ್ಮನಿಯ ಕಾಲ್ಕರಿನದಂತೂ ಕಟ್ಟಿ ಮುಗಿದರೂ ಇಂಧನವನ್ನೇ ಕಾಣಲಿಲ್ಲ. ಈಗ ಅಲ್ಲಿ ಮನರಂಜನಾ ಪಾರ್ಕಿದೆ, ತಂಪುಗೋಪುರದೊಳಗೆ ಮಕ್ಕಳು ತೂಗುಯಂತ್ರದಲ್ಲಿ ಸುತ್ತುತ್ತಾರೆ. ಛಲ ಬಿಡದೆ ನಡೆಸಿದವರು ರಷ್ಯನ್ನರು. ಯುರೇನಿಯಂ ಅಗ್ಗವಾಗಿ ಸಿಗುವ ದೇಶಗಳು ಬ್ರೀಡರಿನ ಖರ್ಚಿಗೆ ಹೆದರಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ನಮ್ಮ ಇಲಾಖೆ ಮಾತ್ರ ಭಾಭಾ ಹಾಕಿದ ಗೆರೆ ಬಿಟ್ಟು ಕದಲಲಿಲ್ಲ.

ಕಲ್ಪಾಕ್ಕಂನಲ್ಲೇ 500 ಮೆಗಾವಾಟ್ ವಿದ್ಯುತ್ತಿನ ಮುಂದಿನ ಬ್ರೀಡರಿಗೆ 2003ರಲ್ಲಿ ಒಪ್ಪಿಗೆ ಸಿಕ್ಕಿತು. ಅಡಿಪಾಯದ ಗುಂಡಿಗೆ ಕಾಂಕ್ರೀಟ್ ಬೀಳತೊಡಗಿದ ಸ್ವಲ್ಪ ದಿನಕ್ಕೇ, 2004ರ ಡಿಸೆಂಬರ್ 26ರ ಸುನಾಮಿ ಬಂದು ಗುಂಡಿ ತುಂಬಿಸಿಹೋಯಿತು. 2010ಕ್ಕೆ ಮುಗಿಸುತ್ತೇವೆಂದಿದ್ದರು. ಆಗ ಅಂದಾಜು ವೆಚ್ಚ 3,492 ಕೋಟಿ ರೂಪಾಯಿ. ಗಡುವಿನ ಹಾಗೆ ಅದೂ ಮತ್ತೆ ಮತ್ತೆ ಬೆಳೆಯಿತು. ಕೋರಿಗೆ ಇಂಧನ ತುಂಬಲು ಚಾಲನೆ ಸಿಕ್ಕಿದ್ದು 2024ರ ಮಾರ್ಚ್ 4ರಂದು. ಹತ್ತು ಮೆಗಾವಾಟಿನ ಚಿಲ್ಲರೆ ಅನುಭವದ ಮೇಲೆ ಇಷ್ಟು ದೊಡ್ಡ ಜಿಗಿತ ಅವಸರವಾಯಿತು ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಫ್ರೆಂಚರಿಗಾದರೆ ರಾಪ್ಸೋಡಿಗೂ ಸೂಪರ್‌ಫೀನಿಕ್ಸಿಗೂ ನಡುವೆ ಫೀನಿಕ್ಸ್ ಎಂಬ ಮಧ್ಯದ ಮೆಟ್ಟಿಲೊಂದಿತ್ತು.

ಆ ದೊಡ್ಡ ರಿಯಾಕ್ಟರಿಗೆ ಆರಿಸಿದ ಇಂಧನ ಕಾರ್ಬೈಡ್ ಅಲ್ಲ, ಪ್ಲುಟೋನಿಯಂ-ಯುರೇನಿಯಂ ಮಿಶ್ರ ಆಕ್ಸೈಡ್. ದೊಡ್ಡ ಕೋರಿನಲ್ಲಿ ಪ್ಲುಟೋನಿಯಂ ಪಾಲು ಕಡಿಮೆ ಸಾಕು, ಹಾಗಾಗಿ ಸೋಡಿಯಂ ಜೊತೆಗಿನ ಹಳೆಯ ತಕರಾರು ಅಷ್ಟಾಗಿ ಕಾಡುವುದಿಲ್ಲ. ಟನ್ನುಗಟ್ಟಲೆ ಮಾಡಬೇಕಾದಾಗ ಗಾಳಿಗೆ ಹೊತ್ತಿಕೊಳ್ಳುವ ಪುಡಿಗಿಂತ ಆಕ್ಸೈಡೇ ಲೇಸು. ಆ ಆಕ್ಸೈಡ್ ಕಡ್ಡಿಗಳ ಮಾದರಿಯನ್ನೂ ಮೊದಲು ಎಫ್‌ಬಿಟಿಆರಿನಲ್ಲೇ ಇಟ್ಟು, ಟನ್ನಿಗೆ 1,12,000 ಮೆಗಾವಾಟ್-ದಿನದವರೆಗೆ ಉರಿಸಿ ನೋಡಿದ್ದರು. ಎಫ್‌ಬಿಟಿಆರ್ ಮಾತ್ರ ತನ್ನ ಕಾರ್ಬೈಡಿನಲ್ಲೇ ಮುಂದುವರಿಯಿತು. ವರ್ಷಗಳುದ್ದಕ್ಕೂ ಕೋರಿಗೆ ಸಬ್‌ಅಸೆಂಬ್ಲಿಗಳನ್ನು ಸೇರಿಸುತ್ತ, ಶಕ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹೋಗಿ, 2022ರ ಮಾರ್ಚಿನಲ್ಲಿ ಅದು ಕದರಾಶಿನಲ್ಲಿ ನಕ್ಷೆ ಹಾಕಿದ್ದ 40 ಮೆಗಾವಾಟನ್ನು ಮುಟ್ಟಿತು.